ಯೂದ ಮಾಡಿದ್ದು ದ್ರೋಹವೇ?

ಇಸ್ಕರಿಯೋತ ಯೂದ ಎಂದೊಡನೆ ನಮ್ಮ ಬಾಯಿಗೆ ಬರುವುದು ‘ಗುರುದ್ರೋಹಿ’ ಎಂಬ ಮಾತು. ಸುವಾರ್ತೆಗಳ ಗ್ರೀಕ್ ಮೂಲದಲ್ಲಿ ಅವನ ಕೃತ್ಯಕ್ಕೆ ಮತ್ತೆ ಮತ್ತೆ ಬರುವ ಪದ ‘ಪರದಿದೋಮಿ’. ಅದರ ನೇರ ಅರ್ಥ ಕೈಗೆ ಕೊಡು, ಒಪ್ಪಿಸು. ಮುಖ್ಯಯಾಜಕರು ಯೇಸುವನ್ನು ಪಿಲಾತನಿಗೆ ಒಪ್ಪಿಸಿದ್ದಕ್ಕೂ, ಪಿಲಾತನು ಶಿಲುಬೆಗೆ ಒಪ್ಪಿಸಿದ್ದಕ್ಕೂ ಮಾರ್ಕನು ಬಳಸುವುದು ಇದನ್ನೇ. ಅಷ್ಟೇಕೆ, ದೇವರು ತನ್ನ ಮಗನನ್ನೇ ನಮಗಾಗಿ ಒಪ್ಪಿಸಿಕೊಟ್ಟನೆಂದು ರೋಮಾಪುರದವರಿಗೆ ಬರೆಯುವಾಗ ಪೌಲನೂ ಇದೇ ಪದ ಬಳಸುತ್ತಾನೆ! ಅಲ್ಲಿ ಯಾರೂ ದ್ರೋಹ ಎಂದು ಓದುವುದಿಲ್ಲ.

ಹಾಗಂತ ಯೂದ ನಿರ್ದೋಷಿ ಎಂಬುದು ನನ್ನ ವಾದವಲ್ಲ. ಲೂಕನು ಒಂದು ಕಡೆ (6:16) ಅವನನ್ನು ‘ಪ್ರೊದೋತೆಸ್’, ಅಂದರೆ ದ್ರೋಹಿ ಎಂದೇ ಕರೆದಿದ್ದಾನೆ.

ನನ್ನನ್ನು ಹೆಚ್ಚು ಕಾಡುವುದು ಮತ್ತಾಯ 27:3. ಯೂದ ಮರುಗಿದ ಎನ್ನಲು ಅಲ್ಲಿರುವುದು ‘ಮೆತಮೆಲೊಮೈ’. ಇದು ‘ಮೆತನೋಯ’ ಅಲ್ಲ, ಆದ್ದರಿಂದ ನಿಜವಾದ ಪಶ್ಚಾತ್ತಾಪವೂ ಅಲ್ಲ ಎಂದು ಎಷ್ಟೋ ಬೋಧಕರು ತಳ್ಳಿಹಾಕುತ್ತಾರೆ. ಆದರೆ ಅದೇ ಮತ್ತಾಯನ 21:29ರಲ್ಲಿ, ತೋಟಕ್ಕೆ ಹೋಗುವುದಿಲ್ಲ ಎಂದು ಹೇಳಿ ಆಮೇಲೆ ಮನಸ್ಸು ತಿರುಗಿಸಿಕೊಂಡು ಹೋದ ಮಗನಿಗೂ ಇದೇ ಪದ. ತಂದೆಯ ಇಷ್ಟ ನೆರವೇರಿಸಿದವನು ಅವನೇ ಅಲ್ಲವೇ? ಯೂದನೂ ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೆ ತಂದು, ಪಾಪ ಮಾಡಿದೆನೆಂದು ಯಾಜಕರ ಮುಂದೆ ಒಪ್ಪಿಕೊಂಡ. ಅದು ನಿನ್ನ ಪಾಡು ಎಂದು ಅವರು ಕೈತೊಳೆದುಕೊಂಡರು.