ರಾತ್ರಿಪಾಳಿಯಿಂದ ಶನೆಲ್ ಮುಖ್ಯಸ್ಥೆಯ ಹುದ್ದೆಗೆ

ಎಚ್‌ಆರ್ ಅಂದರೆ ಸಂದರ್ಶನ, ರಜೆ ಅರ್ಜಿ, ಸಂಬಳದ ಚೀಟಿ ಇಷ್ಟೇನಾ? ಲೀನಾ ನಾಯರ್ ನಡೆದ ದಾರಿ ನೋಡಿ.

ಕೊಲ್ಹಾಪುರದ ಲೀನಾ ಸಾಂಗ್ಲಿಯಲ್ಲಿ ಎಂಜಿನಿಯರಿಂಗ್ ಓದಿದವರು. ಮನಸ್ಸು ಮಾತ್ರ ಯಂತ್ರಗಳಿಗಿಂತ ಮನುಷ್ಯರ ಕಡೆ ವಾಲಿತು. ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಸೇರಿ ಮಾನವ ಸಂಪನ್ಮೂಲ ಕಲಿತರು. 1992ರಲ್ಲಿ ಹಿಂದೂಸ್ತಾನ್ ಲಿವರ್‌ನಲ್ಲಿ ಟ್ರೈನಿ ಆದರು. ಆರಂಭದ ವರ್ಷಗಳು ಕಳೆದದ್ದು ಎಸಿ ಕೋಣೆಯಲ್ಲಲ್ಲ, ಕಾರ್ಖಾನೆಗಳಲ್ಲಿ. ಹೆಂಗಸರು ಕಾಣುವುದೇ ಅಪರೂಪವಾಗಿದ್ದ ರಾತ್ರಿಪಾಳಿಯಲ್ಲೂ ಅವರು ದುಡಿದರು.

2016ರಲ್ಲಿ ಅದರ ಮಾತೃಸಂಸ್ಥೆ ಯೂನಿಲಿವರ್‌ನ ಜಾಗತಿಕ ಎಚ್‌ಆರ್ ಮುಖ್ಯಸ್ಥೆ. ಆ ಹುದ್ದೆಗೇರಿದ ಮೊದಲ ಮಹಿಳೆ, ಮೊದಲ ಏಷ್ಯನ್. ಸುಮಾರು 1.5 ಲಕ್ಷ ನೌಕರರ ಹೊಣೆ!

2010ರಲ್ಲಿ ಆ ಕಂಪನಿಯ ಮ್ಯಾನೇಜರುಗಳಲ್ಲಿ ಮಹಿಳೆಯರು ಶೇ 38 ಇದ್ದರು. 2020ರ ಹೊತ್ತಿಗೆ ಆ ಪಾಲು ಅರ್ಧಕ್ಕೆ ಏರಿತ್ತು. ತನಗೆ ನೇರವಾಗಿ ಸರಕು, ಸೇವೆ ಒದಗಿಸುವವರಿಗೂ 2030ರೊಳಗೆ ಬದುಕಲು ಸಾಲುವಷ್ಟು ವೇತನ ಸಿಗಬೇಕೆಂದು 2021ರಲ್ಲಿ ಕಂಪನಿ ಘೋಷಿಸಿತು. 2022ರ ಜನವರಿಯಲ್ಲಿ ಲೀನಾ ಫ್ಯಾಷನ್ ಸಂಸ್ಥೆ ಶನೆಲ್‌ನ ಸಿಇಒ ಆದರು.

ಎಚ್‌ಆರ್ ದಾರಿ ಹಿಡಿಯುವವರು ಮೊದಲು ಕೆಲಸ ನಡೆಯುವ ಜಾಗಕ್ಕೇ ಹೋಗಬೇಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರ್ಮಿಕರ ಜೊತೆ ಮಾತಾಡಬೇಕು. ಪಿಎಫ್, ಇಎಸ್‌ಐ, ಹೆರಿಗೆ ರಜೆಯ ನಿಯಮ ಅಂಗೈ ಮೇಲಿರಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಎನ್ನುತ್ತದೆ 2013ರ ಕಾಯ್ದೆ. ಆ ಸಮಿತಿಯ ಬಾಗಿಲು ತಟ್ಟಲು ಯಾರೂ ಹೆದರದಂತೆ ನೋಡಿಕೊಳ್ಳುವುದು ಹೊಸ ಎಚ್‌ಆರ್ ಅಧಿಕಾರಿ ಮೊದಲ ವರ್ಷದಲ್ಲೇ ಕೈಗೆತ್ತಿಕೊಳ್ಳಬಹುದಾದ ಕೆಲಸ.