ಬ್ಲಾಗ್ ಅಂದ್ರೇನ್ರೀ? ಗಡಿ ಕನ್ನಡಿಗರಿಗೂ ಒಂದು ಸ್ವಂತ ಪುಟ

ಬುಧಗಾಂವ: ಸಾಂಗಲಿಯಿಂದ ಮಾಧವನಗರ ದಾಟಿದರೆ ಸಿಗುವ ಈ ಊರು ಸಂಸ್ಥಾನಿಕರ ಕಾಲದಲ್ಲಿ ಕಿರಿಯ ಮಿರಜ ಸಂಸ್ಥಾನದ ರಾಜಧಾನಿ. ಈಗ ಇಂಜಿನಿಯರಿಂಗ್ ಕಾಲೇಜಿನಿಂದ ಹೆಸರಾಗಿದೆ. ಹೀಗಾಗಿ ಕಂಪ್ಯೂಟರ್ ಇಲ್ಲಿನವರಿಗೆ ಹೊಸದೇನಲ್ಲ. ಅಂಗಡಿ ಬೋರ್ಡು, ಪಂಚಾಯ್ತಿ ನೋಟಿಸು, ಲಗ್ನಪತ್ರಿಕೆ ಎಲ್ಲ ಮರಾಠಿ. ಸಾಂಗಲಿ, ಮಿರಜ ಭಾಗದ ಎಷ್ಟೋ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಬೈಯುವುದು ಮಾತ್ರ ಇನ್ನೂ ಕನ್ನಡದಲ್ಲೇ. ಆದರೆ ಆ ಕನ್ನಡ ಬಾಯಲ್ಲಿದೆ, ಕಾಗದದ ಮೇಲೆ ಕಾಣುವುದು ಅಪರೂಪ. ಬರೆದದ್ದು ಅಚ್ಚಾಗಬೇಕಾದರೆ ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸಿ ಕಾಯಬೇಕು. ‘ನಮ್ಮದನ್ನ ಯಾರ್ ಓದ್ತಾರ್ರೀ’ ಎಂದು ಕೈಬಿಟ್ಟವರೇ ಹೆಚ್ಚು. ಇಂಥವರಿಗೆ ಬ್ಲಾಗ್ ಎಂಬುದು ಹೇಳಿ ಮಾಡಿಸಿದ ಸಾಧನ.

ಬ್ಲಾಗ್ ಎಂದರೆ ಇಂಟರ್‌ನೆಟ್ಟಿನಲ್ಲಿ ನಾವೇ ಬರೆದು ನಾವೇ ಪ್ರಕಟಿಸುವ ಪುಟ. ಹೊಸ ಬರಹ ಮೇಲೆ, ಹಳೆಯದು ಕೆಳಗೆ. ಪ್ರತಿಯೊಂದಕ್ಕೂ ತಾರೀಖು ಇರುತ್ತದೆ. ಓದಿದವರು ಅಡಿಯಲ್ಲಿ ತಮ್ಮ ಅಭಿಪ್ರಾಯ ಸೇರಿಸಬಹುದು. ಒಂದು ಲೆಕ್ಕದಲ್ಲಿ ಇದು ಡೈರಿಯೇ. ಡೈರಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇವೆ, ಇದನ್ನು ಊರ ಕಟ್ಟೆಯ ಮೇಲೆ ಬಿಚ್ಚಿಡುತ್ತೇವೆ. ಸಂಪಾದಕರ ಕತ್ತರಿ ಇಲ್ಲ, ಮುದ್ರಣದ ಖರ್ಚೂ ಇಲ್ಲ.

ಇದರ ಬೇರು ಅಮೆರಿಕದಲ್ಲಿದೆ. 1994ರಲ್ಲಿ ಜಸ್ಟಿನ್ ಹಾಲ್ ಎಂಬ ಕಾಲೇಜು ವಿದ್ಯಾರ್ಥಿ ತನ್ನ ಬದುಕಿನ ಸಂಗತಿಗಳನ್ನು ಅಂತರ್ಜಾಲದಲ್ಲಿ ಬರೆಯತೊಡಗಿದ. 1997ರ ಡಿಸೆಂಬರ್‌ನಲ್ಲಿ ಜೋರ್ನ್ ಬಾರ್ಗರ್ ಎಂಬಾತ ಇಂಥ ಪುಟಕ್ಕೆ ‘ವೆಬ್‌ಲಾಗ್’ ಎಂದ. ಹಡಗಿನಲ್ಲಿ ದಿನದಿನದ ವಿವರ ಬರೆದಿಡುವ ಪುಸ್ತಕಕ್ಕೆ ‘ಲಾಗ್’ ಎನ್ನುತ್ತಾರೆ. ಹೆಸರಿನ ಹಿಂದೆ ಆ ಅರ್ಥವಿದೆ. 1999ರಲ್ಲಿ ಪೀಟರ್ ಮೆರ್ಹೋಲ್ಜ್ ತಮಾಷೆಗೆ ಆ ಪದವನ್ನು ‘ವಿ ಬ್ಲಾಗ್’ ಎಂದು ಒಡೆದ. ತಮಾಷೆಯೇ ಹೆಸರಾಗಿ ನಿಂತಿತು. ಅದೇ ವರ್ಷ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ‘ಬ್ಲಾಗರ್’ ಆರಂಭಿಸಿತು. ಅಲ್ಲಿಯವರೆಗೆ ಪುಟ ಮಾಡಲು ಕಂಪ್ಯೂಟರಿನ ಸಂಕೇತಭಾಷೆ ಗೊತ್ತಿರಬೇಕಿತ್ತು. ಇಲ್ಲಿ ಪತ್ರ ಬರೆಯಲು ಬಂದರೆ ಸಾಕಾಯಿತು. 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಕನ್ನಡದ ಕಥೆ ಅಷ್ಟು ಸಲೀಸಲ್ಲ. ನಮಗೆ ಅಡ್ಡಬಂದದ್ದು ಅಕ್ಷರ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು; ಇಂಗ್ಲಿಷ್ ಕೀಲಿಗಳಲ್ಲಿ ಕುಟ್ಟಿದರೂ ತೆರೆಯ ಮೇಲೆ ಕನ್ನಡ ಮೂಡತೊಡಗಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಆದರೂ ಬರೆದವರ ಹತ್ತಿರ ಇದ್ದ ಫಾಂಟ್ ಓದುವವರ ಹತ್ತಿರ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಕಾಗೆಕಾಲು ಗುಬ್ಬಿಕಾಲು! ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಕ್ರಮ ಕೊಡುವ ಯುನಿಕೋಡ್ ಬಳಕೆಗೆ ಬಂದು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಸೇರಿದ ಮೇಲೆ ಈ ತಾಪತ್ರಯ ಕಡಿಮೆಯಾಯಿತು. 2005ರಲ್ಲಿ ‘ಸಂಪದ’, 2007ರಲ್ಲಿ ಜಿ.ಎನ್. ಮೋಹನ್ ಅವರ ‘ಅವಧಿ’ ಶುರುವಾದವು. ಊರಿನ ನೆನಪು, ಅಡುಗೆ, ಸಿನಿಮಾ, ಕವಿತೆ ಅಂತ ಬರೆಯುವವರ ದೊಡ್ಡ ಗುಂಪೇ ಎದ್ದಿತು. ಮುಂದೆ ಫೇಸ್‌ಬುಕ್ ಬಂದು ಅವರಲ್ಲಿ ಬಹಳ ಮಂದಿಯನ್ನು ಎಳೆದುಕೊಂಡಿತು ಎನ್ನುವುದೂ ನಿಜ.

ಗಡಿಯವರಿಗೆ ಯುನಿಕೋಡಿನಲ್ಲಿ ಒಂದು ವಿಶೇಷ ಲಾಭ ಅಡಗಿದೆ. ಕನ್ನಡ ಮತ್ತು ದೇವನಾಗರಿ ಅಕ್ಷರಗಳನ್ನು ಅದರಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ದೇವನಾಗರಿ ‘ಕ’ದ ಸಂಖ್ಯೆಗೆ 896 ಕೂಡಿಸಿದರೆ ಕನ್ನಡದ ‘ಕ’ ಸಿಗುತ್ತದೆ. ‘ಗ’ಕ್ಕೂ ‘ಮ’ಕ್ಕೂ ಅದೇ ಲೆಕ್ಕ. ಆದ್ದರಿಂದ ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸುವುದು ಕಂಪ್ಯೂಟರಿಗೆ ಕೂಡುವ ಲೆಕ್ಕದಷ್ಟೇ ಸುಲಭ. ಮರಾಠಿ ಶಾಲೆಯಲ್ಲಿ ಕಲಿತು, ಕನ್ನಡ ಮಾತಾಡಲು ಬಂದೂ ಬರೆಯಲು ಬಾರದವರು ಇಲ್ಲಿ ಬೇಕಾದಷ್ಟಿದ್ದಾರೆ. ಅಂಥವರು ತಮ್ಮ ಕನ್ನಡವನ್ನು ದೇವನಾಗರಿಯಲ್ಲೇ ಬರೆದು ಲಿಪಿ ಬದಲಿಸಿಕೊಳ್ಳಬಹುದು. ಅಲ್ಲಲ್ಲಿ ಒಂದಿಷ್ಟು ತಿದ್ದಬೇಕಾದೀತು, ಅಷ್ಟೇ.

ಇಷ್ಟಕ್ಕೂ ಯಾಕೆ ಬರೆಯಬೇಕು? ಹೆಸರಿಗಾಗಿ ಬರೆಯುವವರು ಇದ್ದಾರೆ, ಹೊತ್ತು ಕಳೆಯಲು ಬರೆಯುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬ್ಲಾಗಿನ ಬೆಲೆ ನಮ್ಮ ದೇಶಕ್ಕೆ ತಿಳಿದದ್ದು ಸಂಕಟದಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯ ಬೆನ್ನಲ್ಲೇ ಮುಂಬೈನ ಕೆಲವರು ಸೇರಿ ಬ್ಲಾಗ್ ತೆರೆದು, ನೆರವು ಎಲ್ಲಿ ಬೇಕು, ಎಲ್ಲಿ ಸಿಗುತ್ತದೆ ಎಂಬ ಮಾಹಿತಿಯನ್ನು ಒಂದೆಡೆ ಕಲೆಹಾಕಿದರು. ದೂರದ ಊರುಗಳವರು ಅದನ್ನೇ ನೋಡಿಕೊಂಡರು.

ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಬಂತೆಂದರೆ ಸಾಂಗಲಿಯವರ ಕಣ್ಣೆಲ್ಲ ಆಯರ್ವಿನ್ ಸೇತುವೆಯ ಅಳತೆಪಟ್ಟಿಯ ಮೇಲೆ. 40 ಅಡಿ ಎಚ್ಚರಿಕೆ ಮಟ್ಟ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತ್ತು. ಇಲ್ಲಿ ಹರಿದ ನೀರೇ ಮುಂದೆ ಉಗಾರ, ಕುಡಚಿಗೆ ಹೋಗುವುದು. ಇಲ್ಲಿನ ಸುದ್ದಿ ಮರಾಠಿಯಲ್ಲಿ, ಅಲ್ಲಿನ ಓದುಗ ಕನ್ನಡದವ. ಆಲಮಟ್ಟಿಯ ಹಿನ್ನೀರಿನಿಂದಲೇ ಸಾಂಗಲಿ ಮುಳುಗುತ್ತದೆ ಎಂಬ ವಾದವನ್ನೂ ಎರಡು ರಾಜ್ಯದವರು ಎರಡು ಭಾಷೆಯಲ್ಲಿ ಬೇರೆ ಬೇರೆಯಾಗಿಯೇ ಓದುತ್ತಾರೆ. ಎರಡೂ ಭಾಷೆ ಬಲ್ಲ ಒಬ್ಬರು ಇಲ್ಲಿ ಕೂತು ದಿನದ ನೀರಿನ ಮಟ್ಟವನ್ನು ಕನ್ನಡದಲ್ಲಿ ಬರೆದು ಹಾಕಿದರೆ ಅತ್ತ ಎಷ್ಟು ಮನೆಯವರು ಓದಲಿಕ್ಕಿಲ್ಲ! ವಾಟ್ಸ್ಯಾಪಿನಲ್ಲಿ ಬಂದದ್ದು ನಾಳೆಗೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಬ್ಲಾಗಿನಲ್ಲಿ ಹೋದ ವರ್ಷದ್ದನ್ನೂ ತಾರೀಖು ಹಿಡಿದು ತೆಗೆಯಬಹುದು.

ಶುರು ಮಾಡಲು ಗೂಗಲ್ ಖಾತೆ ಒಂದಿದ್ದರೆ ಸಾಕು, ಮೊಬೈಲಿನಲ್ಲೂ ಬರೆಯಬಹುದು. ಸಂಪಾದಕರಿಲ್ಲ ಎಂದು ಮನಬಂದಂತೆ ಬರೆಯಲಿಕ್ಕೆ ಬರುವುದಿಲ್ಲ. ಮಾನಹಾನಿಯ ಕಾನೂನು ಇಲ್ಲಿಗೂ ಅನ್ವಯಿಸುತ್ತದೆ. ಇನ್ನೊಂದು ಮಾತು: ಬರೆದದ್ದರ ಪ್ರತಿ ನಿಮ್ಮ ಹತ್ತಿರವೂ ಇರಲಿ. ಪುಕ್ಕಟೆ ಪುಟಗಳ ದೊಡ್ಡ ತಾಣವಾಗಿದ್ದ ಯಾಹೂ ಕಂಪನಿಯ ‘ಜಿಯೋಸಿಟೀಸ್’ 2009ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನರ ಬರಹ ಅದರ ಜೊತೆಗೇ ಹೋಯಿತು.

ಇನ್ನು ವಿಷಯಕ್ಕೆ ಬರವಿಲ್ಲ. ಕರ್ನಾಟಕದಿಂದ ಬಂದ ಆಟದ ಮೇಳವನ್ನು ನೋಡಿ ವಿಷ್ಣುದಾಸ ಭಾವೆ 1843ರಲ್ಲಿ ಇದೇ ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕ ಆಡಿಸಿದ್ದನ್ನು ಬರೆಯಬಹುದು. ಮಿರಜದ ತಂಬೂರಿ ಮಾಡುವವರ ಓಣಿಯ ಬಗ್ಗೆ ಬರೆಯಬಹುದು. ಹರಿಪುರದಲ್ಲಿ ನೆಲದಡಿ ಅರಿಶಿನ ತುಂಬಿಡುತ್ತಿದ್ದ ಹಗೇವುಗಳಿವೆ. ಮರಾಠಿಯಲ್ಲಿ ಅವಕ್ಕೆ ‘ಪೇವ’ ಎನ್ನುತ್ತಾರೆ. 2005ರ ಮಹಾಪೂರದಲ್ಲಿ ಅವಕ್ಕೆ ನೀರು ನುಗ್ಗಿತ್ತು. ಅವುಗಳಲ್ಲಿ ಅರಿಶಿನ ತುಂಬಿ ತೆಗೆದವರು ಊರಲ್ಲಿ ಇದ್ದಾರೆ, ಹೋಗಿ ಕೇಳಬಹುದು.