ಬೆಂಕಿ ಹಚ್ಚೋದು ಯಾರೋ, ಬೆಲೆ ತೆರೋದು ಯಾರೋ

ದೇವರ ಹೆಸರಲ್ಲಿ ಗಲಾಟೆ ಆಯ್ತು ಅಂತ ಸುದ್ದಿ ಬಂದ ತಕ್ಷಣ ನೀವು ಕೇಳೋ ಮೊದಲ ಪ್ರಶ್ನೆ ನನಗೆ ಗೊತ್ತು. ತಪ್ಪು ಯಾರದು? ಇವರದಾ, ಅವರದಾ? ಇವತ್ತು ನಾನು ಬೇರೆ ಪ್ರಶ್ನೆ ಕೇಳ್ತೀನಿ. ಇದರ ಬೆಲೆ ತೆರೋದು ಯಾರು?

2020ರ ಆಗಸ್ಟ್ 11ರ ರಾತ್ರಿ. ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ. ಪುಲಕೇಶಿನಗರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರ ಸಂಬಂಧಿಯೊಬ್ಬ ಪ್ರವಾದಿಯ ಬಗ್ಗೆ ಅವಹೇಳನಕಾರಿ ಪೋಸ್ಟ್ ಹಾಕಿದ ಎಂಬ ಆರೋಪ. ದೂರು ಕೊಡಲು ಠಾಣೆ ಮುಂದೆ ಸೇರಿದ ಜನ ನೋಡುನೋಡುತ್ತಿದ್ದಂತೆ ಉದ್ರಿಕ್ತ ಗುಂಪಾಯಿತು. ಶಾಸಕರ ಮನೆಗೆ ಬೆಂಕಿ, ಠಾಣೆಗೆ ಕಲ್ಲು, ವಾಹನಗಳು ಭಸ್ಮ. ಗೋಲಿಬಾರ್‌ಗೆ ಮೂವರು ಬಲಿ.

ಈಗ ಲೆಕ್ಕ ಹಾಕಿ. ಸುಟ್ಟಿದ್ದು ಮೀಸಲು ಕ್ಷೇತ್ರದ ದಲಿತ ಶಾಸಕರ ಮನೆ. ಸತ್ತವರು ಯುವಕರು. ಲಾಕ್‌ಡೌನ್‌ನಲ್ಲಿ ಕೂಲಿ ಕಳಕೊಂಡಿದ್ದ ಬಡಾವಣೆಯಿಂದ ನೂರಾರು ಜನರ ಬಂಧನ. ಪ್ರಕರಣ ಎನ್‌ಐಎಗೆ ಹೋಯಿತು, ಯುಎಪಿಎ ಬಿತ್ತು. ಯುಎಪಿಎ ಅಂದ್ರೆ ಏನು ಗೊತ್ತಾ? ಆರೋಪ ಮೇಲ್ನೋಟಕ್ಕೆ ನಿಜ ಅಂತ ನ್ಯಾಯಾಲಯಕ್ಕೆ ಅನ್ನಿಸಿದರೆ ಜಾಮೀನು ಸಿಗೋದೇ ಕಷ್ಟ. ಅದರ ಜೊತೆಗೆ ಅಕ್ರಮ ಕೂಟದ ಕಲಂ. ಹಿಂದೆ ಐಪಿಸಿ 149, ಈಗ ಭಾರತೀಯ ನ್ಯಾಯ ಸಂಹಿತೆಯ 190. ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಆ ಕೂಟದಲ್ಲಿದ್ದ ಎಲ್ಲರೂ ಹೊಣೆ. ‘ಸಾರ್, ನಾನು ಬರೀ ವಿಡಿಯೋ ಮಾಡ್ತಿದ್ದೆ’ ಅನ್ನೋ ಮಾತು ಕೋರ್ಟಿನಲ್ಲಿ ತೀರ್ಮಾನವಾಗೋ ಹೊತ್ತಿಗೆ ಹುಡುಗನ ಕೆಲಸ ಹೋಗಿರುತ್ತೆ, ತಾಯಿಯ ಓಲೆ ಅಡವಿಟ್ಟಾಗಿರುತ್ತೆ. ನಷ್ಟ ಅಂದಾಜಿಸಿ ಹೊಣೆಗಾರರನ್ನು ಗುರುತಿಸಲು ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ನೇಮಿಸಿತು. ಅಂದ್ರೆ ಜೈಲಿನ ಮೇಲೆ ವಸೂಲಿಯ ಭಯವೂ ಇದೆ.

ಇದು ಒಂದು ಧರ್ಮದ ರೋಗ ಅಂತ ತಿಳಿಯಬೇಡಿ. 1994ರ ಅಕ್ಟೋಬರ್ ನೆನಪಿಸಿಕೊಳ್ಳಿ. ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಕನ್ನಡದ ಹೆಸರಲ್ಲಿ ಹುಟ್ಟಿದ ಪ್ರತಿಭಟನೆ ಕೋಮುಗಲಭೆಯಾಗಿ ಸುಮಾರು 25 ಜೀವ ತೆಗೆಯಿತು. ಸುದ್ದಿ ಓದೋದೇ ನನ್ನ ಕಸುಬು. ಹತ್ತು ನಿಮಿಷದ ಸುದ್ದಿಗೆ ಇಷ್ಟು ಹೆಣ ಅಂದ್ರೆ, ಕಾರಣ ಸುದ್ದಿಯೊಳಗೆ ಇಲ್ಲ, ಹೊರಗಿದೆ ಅಂತ ನನಗೆ ಅನ್ನಿಸುತ್ತೆ.

ಏನದು? ಕೆಲಸವಿಲ್ಲದ ಕೈ, ಇಕ್ಕಟ್ಟಿನ ಗಲ್ಲಿ, ಠಾಣೆಯಲ್ಲಿ ನಮ್ಮ ಮಾತು ಕೇಳಲ್ಲ ಅನ್ನೋ ಅಪನಂಬಿಕೆ. ಅದರ ಮೇಲೆ ಒಬ್ಬ ಪುಢಾರಿಯ ಲೆಕ್ಕಾಚಾರ. ಬಡತನ ಯಾರನ್ನೂ ಗಲಭೆಕೋರನನ್ನಾಗಿ ಮಾಡಲ್ಲ. ಹಾಗಿದ್ದರೆ ದೇಶ ದಿನಾ ಉರೀಬೇಕಿತ್ತು. ಆದರೆ ಗುಂಪು ಬೇಕಾದವನಿಗೆ ಅಗ್ಗದಲ್ಲಿ ಹುಡುಗರು ಸಿಗೋದು ಅಲ್ಲೇ.

ತುಮಕೂರಿನವರು, ಗುಬ್ಬಿ, ಕುಣಿಗಲ್ಲಿನವರು ‘ಅದು ಬೆಂಗಳೂರಿನ ಕಥೆ’ ಅನ್ನಬೇಡಿ. ನಿಮ್ಮ ಮಕ್ಕಳು ರೈಲು, ಬಸ್ಸು ಹತ್ತಿ ದುಡಿಯಲು ಹೋಗೋದು ಅದೇ ಊರಿಗೆ. 2021ರ ಅಕ್ಟೋಬರ್‌ನಲ್ಲಿ ಬಜರಂಗದಳದ ಕಾರ್ಯಕರ್ತರ ಮೇಲಿನ ಹಲ್ಲೆ ಖಂಡಿಸಿ ತುಮಕೂರು ಬಂದ್ ಆಗಿತ್ತು. ಯಾವುದೇ ಬಂದ್ ಇರಲಿ, ಬೀಡಿ ಕಟ್ಟೋ ಹೆಣ್ಣುಮಗಳಿಗೆ ಎಲೆ ಬರಲಿಲ್ಲ ಅಂದ್ರೆ ಆ ದಿನದ ಕೂಲಿ ಇಲ್ಲ. ಗಾರೆ ಕೆಲಸದವನಿಗೂ ಇಲ್ಲ. ಒಬ್ಬರು ಫಾತಿಮಾ, ಒಬ್ಬರು ಸಿದ್ದಪ್ಪ ಅಂತ ಒಲೆಗೆ ಗೊತ್ತಾಗಲ್ಲ. ಇದೇ ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿ, ಧರ್ಮದ ಮಕ್ಕಳು ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ. ಇದನ್ನ ಯಾರೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ.

ಡಿ.ಜೆ. ಹಳ್ಳಿಯ ಆ ರಾತ್ರಿಯೇ ಮುಸ್ಲಿಂ ಯುವಕರು ಕೈಕೈ ಹಿಡಿದು ಒಂದು ಹನುಮಂತನ ಗುಡಿಗೆ ಕಾವಲು ನಿಂತಿದ್ದರು. ಅವರೂ ಅದೇ ಗಲ್ಲಿಯವರು, ಅದೇ ಬಡವರು. ಆಯ್ಕೆ ಇತ್ತು, ಅವರು ಮಾಡಿದರು.

ಯಾವತ್ತಾದರೂ ರಾತ್ರಿ ನಿಮ್ಮ ಮೊಬೈಲಿಗೆ ಅಂಥದ್ದೊಂದು ಪೋಸ್ಟ್ ಬಂದರೆ, ಮುಂದಕ್ಕೆ ಕಳಿಸಬೇಡಿ. ಬೇಕಿದ್ದರೆ ನಾಲ್ಕು ಜನ ಹಿರಿಯರು ಹೋಗಿ ದೂರು ಕೊಡಿ. ಅದಕ್ಕೂ ಮೊದಲು, ಮಗ ಮನೆಯಲ್ಲಿದ್ದಾನಾ ನೋಡಿ.